ಮಾವನವರ ಧ್ವನಿಗೆ ನಾಲ್ಕು ಡಿಸ್ಕು

ಲಿಫ್ಟ್ ಇನ್‌ಸ್ಪೆಕ್ಟರ ಹೆಂಡತಿಯಾಗಿ ಬಾಳುವುದು ಸುಲಭದ ಮಾತಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದಳು. ಅಂಥವರ ಅತ್ತೆಯಾಗಿರುವುದು ಇನ್ನೂ ಕಷ್ಟ ಎಂದು ಅವಳ ತಾಯಿ ಹೇಳುತ್ತಿದ್ದರು. ಲಿಫ್ಟ್ ಇನ್‌ಸ್ಪೆಕ್ಟರಾಗಿರುವುದು ಎಷ್ಟು ಕಷ್ಟ ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅವರ ಕೆಲಸವೇ ಅನುಮಾನಪಡುವುದು. ಕಟ್ಟಡದವರು ಹೊಸ ಲಿಫ್ಟಿಗೆ ರಿಬ್ಬನ್ ಕಟ್ಟಿಕೊಂಡು ಕಾಯುತ್ತಿದ್ದರೆ ಇವರು ಅದರ ನೆತ್ತಿ ಹತ್ತಿ ಕೂತು, ಹಗ್ಗಗಳನ್ನು ಒಂದೊಂದಾಗಿ ಸವರಿ, ಬ್ರೇಕನ್ನು ಬೇಕೆಂದೇ ಕೆರಳಿಸಿ, "ಪರೀಕ್ಷೆ ಮುಗಿಯೋವರೆಗೆ ಒಂದು ನರಪಿಳ್ಳೆಯೂ ಒಳಗೆ ಕಾಲಿಡಬಾರದು" ಎಂದು ಆಜ್ಞೆ ಹೊರಡಿಸುವರು. ಹೊರಗೆ ಇದಕ್ಕೆ ಸಂಬಳ ಸಿಗುತ್ತಿತ್ತು. ಮನೆಯಲ್ಲಿ ಇದನ್ನು ಕಾಯಿಲೆ ಎನ್ನುತ್ತಿದ್ದರು. ಟಾರ್ಚಿಗೊಂದು ಬದಲಿ ಟಾರ್ಚು, ಕೊಡೆಗೊಂದು ಬದಲಿ ಕೊಡೆ, ಬಾಗಿಲಿಗೆ ಮೂರು ಚಿಲಕ. ಮದುವೆಯೊಂದನ್ನು ಬಿಟ್ಟರೆ ಎಲ್ಲದಕ್ಕೂ ಬದಲಿ ವ್ಯವಸ್ಥೆ ಮಾಡಿಟ್ಟಿದ್ದರು. (ಅದಕ್ಕೂ ಮಾಡುತ್ತಿದ್ದರೇನೋ, ಧೈರ್ಯ ಸಾಲಲಿಲ್ಲ.)

ಒಂದು ಸಂಜೆ ಇನ್‌ಸ್ಪೆಕ್ಟರು ಬಾಗಿಲ ಬಳಿ ಕೂತು ಬೂಟಿಗೆ ಮೆತ್ತಿದ ಗ್ರೀಸು ಒರೆಸುತ್ತಿದ್ದಾಗ ಒಳಗೆ ಅತ್ತೆ ಮಗಳ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಅವರ ಫೋಟೋ ಗೋಡೆ ತುಂಬ ಇದೆ. ಧ್ವನಿ ಮಾತ್ರ ಮರೆತುಹೋಗ್ತಾ ಇದೆ ಕಣೇ. ಹೇಗೆ ಕರೀತಿದ್ರು ಅಂತ ನೆನಪು ಮಾಡ್ಕೊಂಡ್ರೆ ರೇಡಿಯೋದವನ ಧ್ವನಿ ಬರುತ್ತೆ."

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಆಗಿನಿಂದ ಅತ್ತೆ ಇವರ ಮನೆಯಲ್ಲೇ ಇದ್ದರು. ಅತ್ತೆ ಯಾವತ್ತೂ ಹೀಗೆ ಸಣ್ಣ ದನಿಯಲ್ಲಿ ಮಾತಾಡಿದವರಲ್ಲ. ಅವರು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಇನ್‌ಸ್ಪೆಕ್ಟರು ಒರೆಸುತ್ತಿದ್ದ ಬೂಟನ್ನು ಕೆಳಗಿಟ್ಟರು. ಅದರ ಹಿಂದೆಯೇ ಅವರ ತಲೆಯೊಳಗೆ ದೀಪ ಹೊತ್ತಿಕೊಂಡಿತು. ಅವರ ಹಳೆಯ ಫೋನು ಬಂದ ಕರೆಗಳನ್ನೆಲ್ಲ ತಾನೇ ತಾನಾಗಿ ರೆಕಾರ್ಡು ಮಾಡಿಕೊಳ್ಳುವ ಜಾತಿಯದು. ಕೆಟ್ಟ ಮೇಲೂ ಅದನ್ನು ಎಸೆದಿರಲಿಲ್ಲ. ಮರುದಿನವೇ ರಿಪೇರಿ ಅಂಗಡಿಗೆ ಓಡಿ ಬ್ಯಾಟರಿ ಊದಿ ಹೊಟ್ಟೆ ಉಬ್ಬಿದ್ದ ಆ ಫೋನನ್ನು ಬಿಚ್ಚಿಸಿದರು. 'ಮಾವ' ಎಂಬ ಹೆಸರಿನಲ್ಲಿ ನೂರಾರು ಕರೆಗಳು ಸಾಲಾಗಿ ಮಲಗಿದ್ದವು.

ಸುದ್ದಿ ಕೇಳಿ ಅತ್ತೆ ಕೂತಲ್ಲಿಂದ ಎದ್ದು ನಿಂತರು. ಕೈಯಲ್ಲಿದ್ದ ಚಹಾ ಸೀರೆ ಮೇಲೆ ಚೆಲ್ಲಿದ್ದೂ ತಿಳಿಯಲಿಲ್ಲ. "ಹಾಕಿ, ಹಾಕಿ, ಈಗಲೇ ಹಾಕಿ" ಎಂದರು.

"ಈಗ ಆಗಲ್ಲ ಅತ್ತೆ" ಎಂದರು ಇನ್‌ಸ್ಪೆಕ್ಟರು.

"ಯಾಕೆ?"

"ಇರೋದು ಒಂದೇ ಪ್ರತಿ. ಆ ಮೆಮೊರಿ ಕಾರ್ಡು ಇವತ್ತೋ ನಾಳೆಯೋ ಅನ್ನೋ ಸ್ಥಿತೀಲಿದೆ. ಮೊದಲು ಭದ್ರವಾದ ಜಾಗಕ್ಕೆ ಸಾಗಿಸಬೇಕು, ಆ ಜಾಗಾನ ಪರೀಕ್ಷೆ ಮಾಡಬೇಕು, ಆಮೇಲೆ ಕೇಳೋದು. ಅಲ್ಲಿವರೆಗೆ ನಾನೂ ಕೇಳಲ್ಲ."

ಎಂಥ ಮೂರ್ಖ ಶಿಸ್ತು ನೋಡಿ! ಒಂದೇ ಒಂದು ಕರೆಯನ್ನು ಕಳ್ಳತನದಲ್ಲಿ ಕೇಳಿದ್ದರೂ ಸಾಕಿತ್ತು, ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಪರೀಕ್ಷೆಯಾಗದ ಲಿಫ್ಟಿನಲ್ಲಿ ತಾವೇ ಹತ್ತುವ ಇನ್‌ಸ್ಪೆಕ್ಟರು ಅವರಲ್ಲ.

ಭದ್ರವಾದ ಜಾಗ ಎಂದರೆ ಅವರ ಪ್ರಕಾರ ಸಾವಿರಾರು ಸಿನಿಮಾ ಹಿಡಿಸುವ ಹದಿನಾರು ಟೆರಾಬೈಟಿನ ಹಾರ್ಡ್ ಡಿಸ್ಕು. ಅದೂ ಒಂದಲ್ಲ, ನಾಲ್ಕು. ನಾಲ್ಕರಲ್ಲಿ ಯಾವುದೊಂದು ಪ್ರಾಣ ಬಿಟ್ಟರೂ ಉಳಿದ ಮೂರು ಸೇರಿ ಅದರ ಪಾಲನ್ನು ಒಪ್ಪಿಸಬೇಕು. ಹೊಸ ಡಿಸ್ಕುಗಳ ಬೆಲೆ ನೋಡಿ ಎದೆ ಹಿಡಿದುಕೊಂಡವರು ನೇರ ಹಳೆಯ ಡಿಸ್ಕುಗಳನ್ನು ಮರುಸಿದ್ಧಗೊಳಿಸಿ ಮಾರುವ ಅಂಗಡಿಗೆ ಹೋದರು. ಪೆಟ್ಟಿಗೆ ಹೊತ್ತು ತಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಕೆ ಫಿಸಿಯೋಥೆರಪಿಸ್ಟು, ದಿನವಿಡೀ ಬೇರೆಯವರ ಕೀಲು ತಿರುಗಿಸಿ ಬಂದವಳಿಗೆ ಮನೆಯಲ್ಲಿ ಗಂಡನ ಕೀಲು ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು.

"ಸೆಕೆಂಡ್ ಹ್ಯಾಂಡಾ?"

"ಸೆಕೆಂಡ್ ಹ್ಯಾಂಡ್ ಅನ್ನಬೇಡ. ಪುನಶ್ಚೇತನಗೊಂಡವು."

"ಮಂಡಿ ಬದಲಾಯಿಸ್ಕೊಂಡವರನ್ನ ನಾನು ದಿನಾ ನಡೆಸ್ತೀನಿ ರೀ. ಪುನಶ್ಚೇತನ ಅಂದ್ರೇನು ಅಂತ ನನಗೆ ಹೇಳಬೇಡಿ. ಎಷ್ಟು ಓಡಿದೆ ಇದು?"

"ನಲವತ್ತು ಸಾವಿರ ಗಂಟೆ. ದೊಡ್ಡ ಡೇಟಾ ಸೆಂಟರಿನಲ್ಲಿ, ಏಸಿ ಕೋಣೇಲಿ, ರಾಜಮರ್ಯಾದೇಲಿ ಇದ್ದವು."

"ಹಗಲು ರಾತ್ರಿ ದುಡಿದು ಈಗಷ್ಟೇ ರಿಟೈರ್ ಆಗಿವೆ ಪಾಪ. ಅವನ್ನ ಹಿಡ್ಕೊಂಡು ಬಂದು ಮತ್ತೆ ಕೆಲಸಕ್ಕೆ ಹಚ್ತೀರಲ್ಲ, ಶಾಪ ತಟ್ಟುತ್ತೆ. ಅಲ್ಲ, ಅಪ್ಪ ಬದುಕಿದ್ದಾಗಲೇ ಅಷ್ಟು ಮಾತಾಡ್ತಿರಲಿಲ್ಲ. ಅವರ ಧ್ವನಿಗೆ ಇಷ್ಟು ಜಾಗ ಯಾಕೆ?"

ಇನ್‌ಸ್ಪೆಕ್ಟರು ಡಿಸ್ಕುಗಳನ್ನು ನಾಲ್ಕು ಗೂಡಿನ ಒಂದು ಲೋಹದ ಪೆಟ್ಟಿಗೆಗೆ ಜೋಡಿಸಿ, ಹಳೆಯ ಕಂಪ್ಯೂಟರಿನ ವಿದ್ಯುತ್ ತಂತಿ ಸಿಕ್ಕಿಸಿ ಗುಂಡಿ ಒತ್ತಿದರು. ಒಂದೂ ಮಿಸುಕಲಿಲ್ಲ. ತಂತಿ ಕಿತ್ತು ಮತ್ತೆ ಸಿಕ್ಕಿಸಿದರು. ಊಹೂಂ. ನಾಲ್ಕೂ ಹೆಣ. ಪಿತ್ತ ನೆತ್ತಿಗೇರಿ ಅಂಗಡಿಯವನಿಗೆ ಫೋನು ಹಚ್ಚಿ ಅವನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಅವನು ಆಕಳಿಸುತ್ತ ಎಲ್ಲ ಕೇಳಿ, "ಸಾರ್, ಡೇಟಾ ಸೆಂಟರ್ ಡಿಸ್ಕು ಮನೆ ತಂತಿಗೆ ಹಾಗೇ ಏಳಲ್ಲ. ಮೂರನೇ ಪಿನ್ನಲ್ಲಿ ಕರೆಂಟು ಬಂದ್ರೆ ಮಲಗಿರು ಅಂತ ಅಪ್ಪಣೆ ಅವಕ್ಕೆ. ಆ ಪಿನ್ನಿಗೆ ಒಂಚೂರು ಟೇಪು ಅಂಟಿಸಿ, ಎದ್ದು ಕೂರುತ್ತವೆ" ಎಂದ. ಮನೆಯಲ್ಲಿದ್ದ ಟೇಪೆಂದರೆ ಹೆಂಡತಿಯ ಚೀಲದಲ್ಲಿ ರೋಗಿಗಳ ಮಂಡಿಗೆ ಹಚ್ಚುವ ನೀಲಿ ಟೇಪು. ಅದನ್ನೇ ಎಳ್ಳಿನಷ್ಟು ಕತ್ತರಿಸಿ ಅಂಟಿಸಿದರು. ನಾಲ್ಕೂ ಗುರ್ರೆಂದು ಎದ್ದವು.

"ನೋಡಿ, ಕೊನೆಗೆ ನನ್ನ ಚಿಕಿತ್ಸೇನೇ ಬೇಕಾಯ್ತು" ಎಂದಳು ಹೆಂಡತಿ.

ಎದ್ದವು ಸುಮ್ಮನೆ ಏಳಲಿಲ್ಲ. ಒಳಗೆ ಯಾರೋ ಜಲ್ಲಿಕಲ್ಲು ಅಗಿಯುತ್ತಿದ್ದಂತೆ ಸದ್ದು. ಮಲಗುವ ಕೋಣೆಯಿಂದ ಹೆಂಡತಿ ಅದನ್ನು ಗಡೀಪಾರು ಮಾಡಿದಳು. ನಡುಮನೆಯಲ್ಲಿಟ್ಟರೆ ಟಿವಿಯ ಮಾತು ಕೇಳಿಸದಾಯಿತು. ಕೊನೆಗೆ ಅತ್ತೆಯೇ, "ನನ್ನ ಕೋಣೇಲಿಡಿ. ಅವರ ಗೊರಕೆ ಇದಕ್ಕಿಂತ ಜೋರಾಗಿತ್ತು" ಎಂದು ಪೆಟ್ಟಿಗೆಯನ್ನು ಕಂಪ್ಯೂಟರ್ ಸಮೇತ ತಮ್ಮ ಕಿಟಕಿಯ ಕೆಳಗೆ ಇರಿಸಿಕೊಂಡರು.

ಆಮೇಲೆ ಪರೀಕ್ಷಾಪರ್ವ ಶುರುವಾಯಿತು. ಡಿಸ್ಕಿನ ಮೂಲೆಮೂಲೆಗೂ ಬರೆದು, ಬರೆದದ್ದನ್ನು ಓದಿ, ಅಳಿಸಿ, ಮತ್ತೆ ಬರೆಯಬೇಕು. ವಾರಗಟ್ಟಲೆ ಹಿಡಿಯುವ ಕೆಲಸ. ಅಷ್ಟೂ ದಿನ ಮನೆಯಲ್ಲಿ ತುರ್ತು ಪರಿಸ್ಥಿತಿ. ಡಿಸ್ಕು ಅದುರಿದರೆ ಕೆಡುತ್ತದೆಂದು ಬಾಗಿಲು ಬಡಿಯಬಾರದು, ಮಿಕ್ಸರ್ ಹಾಕಬಾರದು, ಧಡಧಡ ನಡೆಯಬಾರದು. ಹೆಂಡತಿಗೆ ಸೀನು ಬಂದರೆ ಬಾಲ್ಕನಿಗೆ ಓಡಬೇಕು. ಅತ್ತೆ ಮಾತ್ರ ಚಾಚೂ ತಪ್ಪದೆ ಎಲ್ಲ ನಿಯಮ ಪಾಲಿಸಿದರು. ಬೆಳಿಗ್ಗೆ ಎದ್ದವರೇ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂರುವರು. ಅಳಿಯ ಪರದೆ ನೋಡಲು ಬಂದಾಗ, "ಬಂದ್ರಾ?" ಎಂದು ಕೇಳುವರು. ರೈಲು ಬಂತಾ ಎಂದು ಕೇಳಿದ ಹಾಗೆ.

"ಇನ್ನೂ ಅರವತ್ತು ಪರ್ಸೆಂಟು ಅತ್ತೆ."

"ಸರಿ, ಬರಲಿ. ಎಲ್ಲಿಗೆ ಹೊರಟರೂ ಅವರು ತಡವೇ."

ಇನ್‌ಸ್ಪೆಕ್ಟರಿಗೆ ಆ ದಿನಗಳಲ್ಲಿ ಅತ್ತೆಯ ಮೇಲೆ ಎಂದೂ ಇಲ್ಲದ ಮಮತೆ ಉಕ್ಕಿತು. ಅದೇ ಅವರನ್ನು ಹಳ್ಳಕ್ಕೆ ಕೆಡವಿತು. ಲಿಫ್ಟಿನ ಕೆಲಸದಲ್ಲಿ ಒಂದು ಪದ್ಧತಿಯುಂಟು. ಯಂತ್ರ ನಿಲ್ಲಿಸಿ ಇಬ್ಬರು ಒಳಗೆ ಇಳಿದರೆ ಸ್ವಿಚ್ಚಿಗೆ ಇಬ್ಬರೂ ತಮ್ಮ ತಮ್ಮ ಬೀಗ ಹಾಕುತ್ತಾರೆ. ಒಬ್ಬ ಮರೆತು ತೆಗೆದರೂ ಇನ್ನೊಬ್ಬನ ಬೀಗ ಜೀವ ಉಳಿಸುತ್ತದೆ. ಅದನ್ನೇ ಇಲ್ಲಿಗೂ ತಂದರು. ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಯಾರು ಬೇಕಾದರೂ ಕೇಳಬಹುದು, ಆದರೆ ಏನನ್ನೇ ಅಳಿಸಬೇಕಾದರೂ ಎರಡು ಪಾಸ್‌ವರ್ಡು ಬೇಕು. ಒಂದು ಅವರದು. ಇನ್ನೊಂದು ಅತ್ತೆಯದು.

"ನನಗ್ಯಾಕಿಲ್ಲ?" ಎಂದಳು ಹೆಂಡತಿ.

"ನೀನು ವಾರಕ್ಕೊಂದು ಸಲ ಮನೇನ ಗುಡಿಸಿ ಎಸೀತೀಯ. ನಿಮ್ಮಮ್ಮ ಖಾಲಿ ಪ್ಲಾಸ್ಟಿಕ್ ಡಬ್ಬಾನೂ ಎಸೆದವರಲ್ಲ."

ಅತ್ತೆ ಕಣ್ಣೊರೆಸಿಕೊಂಡು, ಅಳಿಯನಿಗೆ ಬೆನ್ನು ತಿರುಗಿಸಲು ಹೇಳಿ, ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡು ಹಾಕಿದರು.

ಕೊನೆಗೂ ಕರೆಗಳೆಲ್ಲ ಪೆಟ್ಟಿಗೆ ಸೇರಿದವು. ಹೊರಮೈಗೆ ಇನ್‌ಸ್ಪೆಕ್ಟರು ಲಿಫ್ಟಿಗೆ ಹಚ್ಚುವಂತೆ 'ಪರೀಕ್ಷಿಸಲಾಗಿದೆ, ಬಳಕೆಗೆ ಯೋಗ್ಯ' ಎಂಬ ಚೀಟಿ ಅಂಟಿಸಿ ಸಹಿ ಹಾಕಿದರು. ರವಿವಾರ ಬೆಳಿಗ್ಗೆ ಲೋಕಾರ್ಪಣೆ. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಕೂತರು. ಹೆಂಡತಿ ತಾಯಿಯ ಕೈ ಹಿಡಿದುಕೊಂಡಳು. ಇನ್‌ಸ್ಪೆಕ್ಟರು ಗಂಟಲು ಸರಿಪಡಿಸಿಕೊಂಡು ಮೊದಲ ಕರೆಯನ್ನು ಒತ್ತಿದರು.

"ಹಲೋ... ಹಲೋ... ಕೇಳ್ತಿದೆಯಾ?"

ಅದೇ ಒರಟು ಧ್ವನಿ, ಅದೇ ಕೆಮ್ಮು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. ಇನ್‌ಸ್ಪೆಕ್ಟರ ಕಣ್ಣೂ ಮಂಜಾಯಿತು. ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆನಲ್ಲ ಎಂದುಕೊಂಡರು.

"ನಿಮ್ಮತ್ತೆ ಹೊರಗೆ ಹೋಗಿದಾಳೆ, ಅಳಿಯಂದಿರೇ. ಈಗ ಮನಸ್ಸು ಬಿಚ್ಚಿ ಮಾತಾಡಬಹುದು. ಅಬ್ಬಬ್ಬಾ, ಅವಳಿಲ್ಲದಾಗ ಮನೆ ಎಷ್ಟು ವಿಶಾಲ ಅನ್ನಿಸುತ್ತೆ ಗೊತ್ತಾ!"

ಮುಂದೆ ಬರುವ ಧ್ವನಿ ಯಾರದೆಂದು ಇನ್‌ಸ್ಪೆಕ್ಟರಿಗೆ ಆಗ ನೆನಪಾಯಿತು. ಫೋನಿನಲ್ಲಿ ಮಾತಾಡಲು ಇಬ್ಬರು ಬೇಕಲ್ಲ!

"ಗೊತ್ತಿಲ್ಲದೆ ಏನು ಮಾವ?" ಪೆಟ್ಟಿಗೆಯೊಳಗಿಂದ ಅವರದೇ ಧ್ವನಿ ಕಿಲಕಿಲ ನಕ್ಕಿತು. "ಹೋದ ವಾರ ಅತ್ತೆ ಇಲ್ಲಿಗೆ ಬಂದಿದ್ರಲ್ಲ, ಅವರು ನಡೆದಾಗೆಲ್ಲ ಕಪಾಟಿನ ಲೋಟಗಳು ಒಂದನ್ನೊಂದು ತಬ್ಬಿಕೊಳ್ತಿದ್ವು. ಭೂಕಂಪ ಅಳೆಯೋರಿಗೆ ಮೊದಲೇ ತಿಳಿಸಿಬಿಡಬೇಕು, ಸುಮ್ಮನೆ ಗಾಬರಿಯಾಗ್ತಾರೆ."

"ಹಹ್ಹಹ್ಹ! ಮತ್ತೆ ನನ್ನ ಮಗಳು?"

"ಅದೇ ಕಾರ್ಖಾನೆ ಮಾಲು ಮಾವ, ಹೊಸ ಮಾಡೆಲ್ಲು. ಸದ್ದು ಕಡಿಮೆ, ಹೊಡೆತ ಜಾಸ್ತಿ."

ಇನ್‌ಸ್ಪೆಕ್ಟರು ಮೌಸಿನ ಮೇಲೆ ಹಾರಿದರು. ಅದಕ್ಕೂ ಮೊದಲೇ ಹೆಂಡತಿ ಅವರ ಮಣಿಕಟ್ಟು ಹಿಡಿದಿದ್ದಳು, ವೃತ್ತಿಪರ ಹಿಡಿತ. "ಮುಟ್ಟಬೇಡಿ" ಎಂದಳು.

"ಅದು... ತಮಾಷೆಗೆ ಕಣೇ... ಮಾವ ಬೇಜಾರಲ್ಲಿದ್ರು ಅಂತ..."

ಅತ್ತೆ ಸೆರಗನ್ನು ಬಾಯಿಂದ ತೆಗೆದರು. ಅವರ ಮುಖದಲ್ಲಿ ಅಳುವೂ ಇತ್ತು, ಇನ್ನೇನೋ ಇತ್ತು. "ಮುಂದಿನದು ಹಾಕಿ" ಎಂದರು.

ಮುಂದಿನದೂ ಅದೇ. ಅದರ ಮುಂದಿನದೂ ಅದೇ. ವರ್ಷಾನುಗಟ್ಟಲೆ ಮಾವ ಅಳಿಯ ಇಬ್ಬರೂ ತಂತಮ್ಮ ಮಹಡಿಯ ಮೇಲೆ ನಿಂತು ನಡೆಸಿದ ಪೀಡಿತ ಪತಿಗಳ ಮಹಾಸಭೆಯ ಸಮಗ್ರ ಕಲಾಪ ಅಲ್ಲಿತ್ತು, ಒಂದು ಕೆಮ್ಮೂ ಬಿಡದಂತೆ.

ಮಾರನೆಯ ದಿನ ಇನ್‌ಸ್ಪೆಕ್ಟರು ಅತ್ತೆಯ ಕೋಣೆಗೆ ಮೆಲ್ಲಗೆ ಹೋಗಿ, "ಅತ್ತೆ, ಅದರಲ್ಲಿ ಕೆಲವು ಕೆಟ್ಟುಹೋಗಿವೆ. ನಿಮ್ಮ ಪಾಸ್‌ವರ್ಡು ಕೊಟ್ಟರೆ ತೆಗೆದುಹಾಕ್ತೀನಿ" ಎಂದರು.

"ಯಾವ್ಯಾವುದು ಕೆಟ್ಟದ್ದು ಅಂತ ನಾನೂ ಕೇಳಿ ನೋಡಿದೀನಿ" ಎಂದರು ಅತ್ತೆ. "ಎಲ್ಲಾ ಇರಲಿ."

ಅಲ್ಲಿಂದ ಮುಂದೆ ದಿನವೂ ಒಂದೊಂದು ಕರೆ. ಬೆಳಗಿನ ಚಹಾ ಹಿಡಿದು ಅತ್ತೆ ಪೆಟ್ಟಿಗೆಯ ಮುಂದೆ ಕೂರುವರು. ಮಾವನ ಮಾತಿಗೆಲ್ಲ ಉತ್ತರ ಕೊಡುವರು, ನಗುವರು, ಒಮ್ಮೊಮ್ಮೆ ಅಳುವರು. ಮುಗಿದ ಮೇಲೆ ಅಳಿಯನ ಕಡೆ ತಿರುಗುವರು. ಆಮೇಲೆ ನಡೆಯುವುದು ವಿಚಾರಣೆ. ಅವರು ನಿಲ್ಲಿಸಿದಲ್ಲಿಂದ ಸಂಜೆ ಮಗಳು ಮುಂದುವರಿಸುವಳು.

"ಮಾವಾನೂ ಅಂದಿದಾರಲ್ಲ, ನನಗೊಬ್ಬನಿಗೇ ಯಾಕೆ?" ಎಂದು ಇನ್‌ಸ್ಪೆಕ್ಟರು ಒಮ್ಮೆ ಪ್ರತಿಭಟಿಸಿದರು.

"ಅವರನ್ನ ಬೈಯೋಣ ಅಂದ್ರೆ ಅವರಿಲ್ಲ. ನೀವಿದ್ದೀರಲ್ಲ" ಎಂದರು ಅತ್ತೆ.

ಡಿಸ್ಕುಗಳು ಕೆಡದಿರಲಿ ಎಂದು ಹಂಬಲಿಸಿದ್ದವರು ಈಗ ಅವು ಕೆಡಲಿ ಎಂದು ಹಾರೈಸತೊಡಗಿದರು. ಬಾಗಿಲು ಬಡಿದರು. ಕಾರಣವಿಲ್ಲದೆ ಧಡಧಡ ನಡೆದರು. ಮಿಕ್ಸರನ್ನು ಖಾಲಿ ಓಡಿಸಿದರು. ಪುನಶ್ಚೇತನಗೊಂಡವು ಜಗ್ಗಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ನಾಲ್ಕರಲ್ಲಿ ಒಂದು ಸತ್ತಿತ್ತು. ಇನ್‌ಸ್ಪೆಕ್ಟರ ಎದೆ ಕುಣಿಯಿತು. ಇನ್ನೊಂದು ಹೋದರೆ ಸಾಕು, ಕಲಾಪವೆಲ್ಲ ನಾಮಾವಶೇಷ. ಯಾರಿಗೂ ಹೇಳದೆ ಸುಮ್ಮನಿದ್ದರಾಯಿತು.

ಅಷ್ಟರಲ್ಲಿ ಅತ್ತೆ ಚಹಾ ಹಿಡಿದು ಬಂದರು. ಕೆಂಪು ದೀಪ ನೋಡಿ ನಿಂತಲ್ಲೇ ನಿಂತರು. "ಇದೇನಿದು? ಅವರು... ಅವರಿದಾರಾ ಇನ್ನೂ?" ಎಂದರು. ಮತ್ತದೇ ಸಣ್ಣ ದನಿ.

ಇನ್‌ಸ್ಪೆಕ್ಟರು ಅತ್ತೆಯ ಮುಖ ನೋಡಿದರು. ತಮ್ಮ ಹಣೆಬರಹವನ್ನು ತಾವೇ ಶಪಿಸಿಕೊಂಡರು. ಆಫೀಸಿಗೆ ರಜೆ ಹಾಕಿ, ಅಂಗಡಿಗೆ ಓಡಿ, ಇನ್ನೊಂದು ಹಳೆಯ ಡಿಸ್ಕು ತಂದು, ಮೂರನೇ ಪಿನ್ನಿಗೆ ನೀಲಿ ಟೇಪು ಹಚ್ಚಿ ಸಿಕ್ಕಿಸಿದರು. ಉಳಿದ ಮೂರು ಸೇರಿ ಹೊಸಬನಿಗೆ ಪಾಠ ಒಪ್ಪಿಸುವವರೆಗೆ ಇನ್ನೊಂದು ಕೆಟ್ಟರೆ ಎಲ್ಲ ಮುಗಿಯಿತು. ಅದೆಲ್ಲ ಮುಗಿಯಲು ಮರುದಿನ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅತ್ತೆ ಕುರ್ಚಿಯಲ್ಲಿ, ಅಳಿಯ ನೆಲದ ಮೇಲೆ, ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ತಮ್ಮ ಮೇಲಿನ ಸಾಕ್ಷ್ಯವನ್ನೆಲ್ಲ ಹೀಗೆ ಎದೆಗವಚಿಕೊಂಡು ಕಾಪಾಡಿದ ಆರೋಪಿ ಬೇರೆಲ್ಲೂ ಇರಲಾರ.

ದೀಪ ಹಸಿರಾಯಿತು. ಅತ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಆಮೇಲೆ ಅಳಿಯನ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟರು. ಮದುವೆಯಾದಾಗಿನಿಂದ ಇದೇ ಮೊದಲು. ಎಲ್ಲ ಮನ್ನಾ ಆಯಿತು ಎಂದುಕೊಂಡು ಇನ್‌ಸ್ಪೆಕ್ಟರು ಏಳಲು ಹೋದರು.

ಕೈ ಹಾಗೇ ಹೆಗಲಿಗೆ ಇಳಿದು ಅವರನ್ನು ಅದುಮಿ ಕೂರಿಸಿತು.

"ಎಲ್ಲಿಗೆ ಹೊರಟ್ರಿ? ಎರಡು ದಿನದ ಕರೆ ಬಾಕಿ ಇದೆ" ಎಂದು ಅತ್ತೆ ಗುಂಡಿ ಒತ್ತಿದರು.