ಚಿಕ್ಕಪ್ಪನ ಪಾತಾಳ ಪಾಂಡಿತ್ಯ

ರಾಮನಗರದ ಬಂಡೆಗಳನ್ನು ನೋಡಿ ಬೆರಗಾಗುವವರುಂಟು, ಹತ್ತುವವರುಂಟು. ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಂತೂ ಭಾನುವಾರ ಬಂದರೆ ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ಬಂಡೆಗಳನ್ನು ದಿನಾ ನಿಯಮವಾಗಿ ಬೈಯುವ ಮನುಷ್ಯ ಇಡೀ ಜಿಲ್ಲೆಗೆ ಒಬ್ಬರೇ. ಅವರು ನಮ್ಮ ಚಿಕ್ಕಪ್ಪ ಎನ್ನುವುದು ನಮ್ಮ ವಂಶದ ಭಾಗ್ಯ!

ಬೆಳಗ್ಗೆ ಕಾಫಿ ಲೋಟ ಹಿಡಿದು ಜಗುಲಿಗೆ ಬಂದರೆಂದರೆ ಎದುರಿನ ಬೆಟ್ಟಕ್ಕೆ ಮಂಗಳಾರತಿ ಶುರು. "ನೋಡೋಕ್ ಮಾತ್ರ ದೊಡ್ ಆಳು! ಒಳಗೇನೈತೆ? ಒಂದು ತೊಟ್ಟು ಎಣ್ಣೆ ಐತಾ? ಕೋಟ್ಯಂತರ ವರ್ಷದಿಂದ ದಂಡಕ್ಕೆ ಕೂತವೆ!" ಹಾಲಿನವನು ಒಮ್ಮೆ ತಡೆಯಲಾರದೆ, "ಯಾಕ್ ಸಾ, ಕಲ್ಲು ನಿಮಗೇನ್ ಮಾಡ್ತು?" ಎಂದ.

"ಏನೂ ಮಾಡ್ಲಿಲ್ಲ ಕಣಯ್ಯಾ. ಅದೇ ಅದರ ಮೇಲಿರೋ ಕೇಸು!" ಎಂದರು ಚಿಕ್ಕಪ್ಪ.

ಸಿಟ್ಟಿಗೆ ಕಾರಣವಿದೆ. ಅವರು ನೆಲದಡಿ ಎಣ್ಣೆ, ಗ್ಯಾಸು ಹುಡುಕುವ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದು, ಮರಳುಗಾಡು, ಕರಾವಳಿ ಎಲ್ಲ ಸುತ್ತಿ, ನಿವೃತ್ತರಾಗಿ ಊರಿಗೆ ಬಂದವರು. ಎಣ್ಣೆ ಸಿಗುವುದು ಸಾಮಾನ್ಯವಾಗಿ ಹಳೆಯ ಸಮುದ್ರಗಳ ತಳದಲ್ಲಿ ಕೆಸರು, ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ. ನಮ್ಮದೋ, ಪಾತಾಳದಲ್ಲಿ ಕರಗಿ, ಕುದಿದು, ಹೆಪ್ಪುಗಟ್ಟಿದ ಕಲ್ಲು. ಅಂದರೆ ಚಿಕ್ಕಪ್ಪನ ವಿದ್ಯೆ ಕಿಂಚಿತ್ತೂ ಉಪಯೋಗಕ್ಕೆ ಬಾರದ ಜಾಗವನ್ನೇ ಹುಡುಕಿ ದೇವರು ಅವರಿಗೆ ಹುಟ್ಟೂರಾಗಿ ಕೊಟ್ಟಿದ್ದ! ಬಳಸಲು ಜಾಗವಿಲ್ಲದ ವಿದ್ಯೆ ಸುಮ್ಮನೆ ಕೂರುತ್ತದೆಯೇ? ಸಿಕ್ಕಸಿಕ್ಕವರ ಮೇಲೆ ಬೀಳುತ್ತದೆ.

ಊಟಕ್ಕೆ ಕೂತರೆ ಪಾಠ. "ನೋಡ್ಲಾ, ಸಮುದ್ರದಲ್ಲಿ ಕಣ್ಣಿಗೆ ಕಾಣದ ಹುಳ, ಪಾಚಿ ಎಲ್ಲ ಸತ್ತು ಕೆಸರಲ್ಲಿ ಹೂತೋಗ್ತವೆ. ಮೇಲೆ ಮಣ್ಣು ಬಿದ್ದು ಬಿದ್ದು ಆಳಕ್ಕಿಳೀತವೆ. ಅಲ್ಲಿ ಹದವಾಗಿ ಬೇಯಬೇಕು. ಉರಿ ಒಸಿ ಕಮ್ಮಿ ಆದ್ರೆ ಹಸಿ, ಜಾಸ್ತಿ ಆದ್ರೆ ಎಣ್ಣೆ ಹೋಗಿ ಬರೀ ಗ್ಯಾಸು. ಹದ ತಪ್ಪಂಗಿಲ್ಲ!"

ಮುದ್ದೆ ಕಟ್ಟುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಕೇಳಿದರು: "ಕೋಟಿ ವರ್ಷದ ಅಡುಗೆ ಹದ ಗೊತ್ತಿರೋರು ಒಂದಿನ ಹಾಲು ಉಕ್ಕದಂಗೆ ಕಾಯ್ಸಿದ್ದೀರೇನ್ರೀ?" ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಬಿಡದಿಯಲ್ಲಿ ಚಿಕ್ಕಪ್ಪನ ಜೊತೆ ತಟ್ಟೆ ಇಡ್ಲಿ ತಿನ್ನಲು ಹೋಗಬಾರದೆಂದು ಬಂಧುಗಳೆಲ್ಲ ಮಾತಾಡಿಕೊಂಡಿದ್ದೇವೆ. ಇಡ್ಲಿಯನ್ನು ಮುರಿದು, ಕಣ್ಣಿನ ಹತ್ತಿರ ಹಿಡಿದು ತೂತುಗಳನ್ನು ನೋಡುತ್ತಾರೆ. ಮೇಲಿನ ಬೆಣ್ಣೆ ಕರಗಿ ಒಳಗೆ ಇಳಿಯುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ನಮ್ಮದು ತಿಂದು ಮುಗಿದು ಕೈ ಒಣಗಿದ ಮೇಲೆ ತೀರ್ಪು ಬರುತ್ತದೆ. "ತೂತೇನೋ ಬೇಕಾದಷ್ಟು ಐತೆ. ಆದ್ರೆ ಒಂದಕ್ಕೂ ಇನ್ನೊಂದಕ್ಕೂ ದಾರೀನೇ ಇಲ್ಲ. ಬೆಣ್ಣೆ ಹರೀತಿಲ್ಲ. ಇಂಥ ಮರಳುಗಲ್ಲಲ್ಲಿ ಎಣ್ಣೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ!"

ಹೋಟೆಲಿನವನು ಕೇಳಿಸಿಕೊಂಡ. "ಸಾ, ತಿಂತೀರಾ, ಇಲ್ಲ ಬೋರ್ ಕೊರೆಸ್ತೀರಾ? ಹಿಂದೆ ಜನ ನಿಂತವ್ರೆ!"

ಬೋರ್ ಎಂದಾಗ ತಿಪ್ಪಸಂದ್ರದ ನಮ್ಮ ಭಾವನ ಮಾತು ಹೇಳಲೇಬೇಕು. ತೋಟಕ್ಕೆ ಬೋರ್‌ವೆಲ್ ಹಾಕಿಸಬೇಕು, ಒಂದು ಪಾಯಿಂಟು ತೋರಿಸಿ ಎಂದು ಅವರು ಕೇಳಿದ್ದೇ ಚಿಕ್ಕಪ್ಪ ಮುಖ ಸಿಂಡರಿಸಿದರು. "ನೀರಾ? ನಾನು ನೀರು ಹುಡುಕೋನಲ್ಲಪ್ಪಾ!"

"ನೀವು ಹುಡುಕಬ್ಯಾಡಿ ಮಾವ. ಅದೇ ನಿಮ್ಮನ್ನ ಹುಡುಕ್ಕೊಂಡ್ ಬತ್ತದಲ್ಲ!" ಎಂದರು ಭಾವ.

ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದರು. ಸಂಗತಿ ಇಷ್ಟೇ: ಎಣ್ಣೆ ನೀರಿಗಿಂತ ಹಗುರ, ಕಲ್ಲಿನ ತೂತುಗಳಲ್ಲಿ ನುಸುಳಿ ಮೇಲೇರುತ್ತದೆ. ಕಮಾನಿನಂತೆ ಬಾಗಿದ ಪದರ, ಅದರ ಮೇಲೆ ಬಿಗಿಯಾದ ಜೇಡಿಕಲ್ಲಿನ ಮುಚ್ಚಳ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಸೋರಿ ಹೋಗುತ್ತದೆ. ಚಿಕ್ಕಪ್ಪ ಗುರುತು ಹಾಕಿದ ಕಡೆಯೆಲ್ಲ ಕಮಾನೂ ಇತ್ತಂತೆ, ಮುಚ್ಚಳವೂ ಇತ್ತಂತೆ. ಕೊರೆದಾಗ ಮಾತ್ರ ಪ್ರತಿ ಸಲವೂ ಉಪ್ಪುನೀರು! ದೇಶ ಇವರೊಬ್ಬರನ್ನೇ ನಂಬಿಕೊಂಡಿದ್ದರೆ ಇಂದು ಬಿಡದಿಯ ಕಾರ್ಖಾನೆಯಲ್ಲಿ ಕಾರಿನ ಬದಲು ಎತ್ತಿನ ಗಾಡಿ ತಯಾರಾಗುತ್ತಿತ್ತು.

ಹೀಗಿರುವಾಗ ಹೋದ ವರ್ಷ ಚಿಕ್ಕಮ್ಮನ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅವರ ಅಕ್ಕ ತೀರಿಕೊಂಡದ್ದು ಇಂಥದೇ ಗಂಟು ಕ್ಯಾನ್ಸರ್ ಆಗಿ. ಹಾಗಾಗಿ ಆ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸ್ಕ್ಯಾನಿಂಗಿಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಕತ್ತಿಗೆ ಯಂತ್ರ ಒತ್ತಿದರು. ಪರದೆಯ ಮೇಲೆ ಕಪ್ಪು ಬಿಳುಪು ಪದರಗಳು ಮೂಡಿದ್ದೇ ತಡ, ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು! ನೆಲದೊಳಕ್ಕೂ ಹೀಗೆಯೇ ಸದ್ದು ಕಳಿಸಿ, ಅದು ಬಡಿದು ಹಿಂದಿರುಗುವುದನ್ನು ಹಿಡಿದು, ಪದರಗಳ ಚಿತ್ರ ಓದುವುದೇ ತಾನೇ ಅವರ ಕಸುಬು?

"ಮೇಡಂ, ಇಲ್ಲಿ ಪದರ ಮುರಿದೈತೆ ನೋಡಿ."

"ಅದು ಶ್ವಾಸನಾಳ ಸಾರ್. ಮುರಿದಿದ್ರೆ ಇವರು ನಡ್ಕೊಂಡು ಬರ್ತಿರಲಿಲ್ಲ."

"ಒಸಿ ಎಡಕ್ಕೆ ತಗೊಳ್ಳಿ. ಅಲ್ಲೊಂದು ಕಮಾನು..."

ಪರದೆಯ ಮೇಲೆ ಒಂದು ಕಪ್ಪು ಉಂಡೆ. ಡಾಕ್ಟರು ಅದನ್ನು ಹಿಂದೆ ಮುಂದೆ ನೋಡಿ, "ಒಳಗೆ ದ್ರವ ಇರೋ ಹಾಗಿದೆ. ಏನು ಅಂತ ಸೂಜಿ ಹಾಕಿ ತೆಗೆದು ನೋಡಿದ ಮೇಲೇ ಹೇಳೋಕಾಗೋದು" ಎಂದರು.

ಅಂದಿನಿಂದ ಬೆಟ್ಟಕ್ಕೆ ಬೈಗುಳ ತಪ್ಪಿತು. ಹಾಲಿನವನೇ ಗಾಬರಿಯಾಗಿ, "ಸಾವ್ಕಾರ್ರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿಕೊಂಡು ಹೋದ.

ಸೂಜಿ ಹಾಕುವ ದಿನ ನಾವಿಬ್ಬರೂ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಚಿಕ್ಕಪ್ಪ ನೆಲ ನೋಡುತ್ತಾ, "ಊರೋರ ನೆಲದ ಒಳಗೆಲ್ಲ ಏನೈತೆ ಅಂತ ಹೇಳ್ಕೊಂಡ್ ತಿರುಗಿದೆ. ಇವಳ ಕತ್ತಲ್ಲಿರೋದು ಏನು ಅಂತ ಗೊತ್ತಾಗ್ತಿಲ್ಲ ಕಣ್ಲಾ" ಎಂದರು.

ಬಾಗಿಲು ತೆರೆದು ಡಾಕ್ಟರು ಹೊರಬಂದರು. "ತಿಳಿಯಾಗಿದೆ ಸಾರ್. ಬರೀ ನೀರು. ಲ್ಯಾಬಿಗೆ ಕಳಿಸ್ತೀನಿ, ಆದ್ರೆ ಹೆದರೋ ಅಂಥದ್ದು ಕಾಣಿಸ್ತಿಲ್ಲ."

"ಬರೀ ನೀರಾ ಮೇಡಂ? ಇನ್ನೊಂದ್ ಸಲ ಹೇಳಿ."

"ಬರೀ ನೀರು ಸಾರ್."

ಚಿಕ್ಕಪ್ಪ ಅಲ್ಲೇ, ಅಷ್ಟು ಜನರ ಎದುರಿಗೇ, ಗೊಳೋ ಎಂದು ಅತ್ತುಬಿಟ್ಟರು. ಮುಂದೆ ಲ್ಯಾಬಿನ ವರದಿಯೂ ಡಾಕ್ಟರ ಮಾತನ್ನೇ ಹೇಳಿತು. ಆದರೆ ಅವರು ವರದಿಗೆಲ್ಲ ಕಾಯಲಿಲ್ಲ.

ಕತ್ತಿಗೆ ಹತ್ತಿ ಒತ್ತಿಕೊಂಡು ಹೊರಬಂದ ಚಿಕ್ಕಮ್ಮ, "ಇದೇನ್ರೀ? ಸೂಜಿ ಚುಚ್ಚಿಸ್ಕೊಂಡಿದ್ದು ನಾನು, ಅಳೋರು ನೀವಾ?" ಎಂದರು.

ಚಿಕ್ಕಪ್ಪ ಬಾಗಿಲ ಪಕ್ಕದ ರಾಶಿಯಲ್ಲಿ ಹುಡುಕಿ ಚಿಕ್ಕಮ್ಮನ ಚಪ್ಪಲಿ ತಂದು, ಅವರ ಕಾಲ ಮುಂದೆ ಜೋಡಿಸಿ, ಬಗ್ಗಿ ಪಟ್ಟಿ ಹಾಕತೊಡಗಿದರು.

"ಅಯ್ಯೋ, ಬಿಡ್ರೀ! ಜನ ನೋಡ್ತಾವ್ರೆ."

"ನೋಡ್ಲಿ ಬುಡು," ಎಂದರು ಚಿಕ್ಕಪ್ಪ, ಇನ್ನೊಂದು ಕಾಲಿಗೆ ಕೈ ಹಾಕುತ್ತಾ.