ಬಿಜಲಿಯ ಹಿಂಗಾಲು, ನನ್ನ ಮೊಣಕಾಲು

ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ತಾನಾಗಿಯೇ ಆರುತ್ತದೆ ಅನ್ನುವವರು ಒಂದೋ ಸುಳ್ಳು ಹೇಳುತ್ತಾರೆ, ಇಲ್ಲಾ ಅವರಿಗಿನ್ನೂ ವಯಸ್ಸಾಗಿಲ್ಲ. ನನಗೆ ಎಪ್ಪತ್ತು ದಾಟಿತು. ಹಲ್ಲು ಹೋದವು, ಕಣ್ಣಿನ ಪೊರೆ ತೆಗೆಸಿದ್ದಾಯಿತು, ಹೊಟ್ಟೆಕಿಚ್ಚು ಮಾತ್ರ ಈಗಷ್ಟೇ ಹಚ್ಚಿದ ಒಲೆಯ ಹಾಗೆ ಇದೆ. ಹರೆಯದಲ್ಲಿ ನೆಗೆಣ್ಣಿಯ ಕೈಯ ಬಂಗಾರದ ಬಿಲ್ವಾರ ನೋಡಿ ಉರಿದೆ. ಆಮೇಲೆ ಬಾಜೂ ಮನೆಯವರ ಎಮ್ಮೆ ಎರಡು ಹೊತ್ತೂ ಕೊಡ ತುಂಬ ಹಾಲು ಕೊಡುವುದನ್ನು ನೋಡಿ ಉರಿದೆ. ಅವೆಲ್ಲ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಬಹುದಾದ ಹೊಟ್ಟೆಕಿಚ್ಚು. ಈಗಿನದು ಹೇಳಿಕೊಳ್ಳುವಂಥದಲ್ಲ. ನನಗೆ ಒಂದು ಕುದುರೆಯ ಮೇಲೆ ಹೊಟ್ಟೆಕಿಚ್ಚು. ಅದೂ ಇಡೀ ಕುದುರೆಯ ಮೇಲಲ್ಲ, ಅದರ ಹಿಂಭಾಗದ ಮೇಲೆ.

ನಮ್ಮದು ಕುಲಗೋಡದ ಹತ್ತಿರ ತೋಟದ ಮನೆ. ಹೊಲವನ್ನು ಮಗ ನೋಡಿಕೊಳ್ಳತೊಡಗಿದ ಮೇಲೆ ನಮ್ಮ ಮನೆಯವರಿಗೆ ಕೈ ಖಾಲಿಯಾಯಿತು. ಖಾಲಿ ಕೈಯ ಗಂಡಸು ಏನಾದರೊಂದು ಹಿಡಿದುಕೊಂಡು ಬರುತ್ತಾನೆ. ಇವರು ಹುಕ್ಕೇರಿ ಕಡೆಯಿಂದ ಕುದುರೆ ಹಿಡಿದುಕೊಂಡು ಬಂದರು. ಮೂರು ವರ್ಷದ ಹೆಣ್ಣು ಕುದುರೆ, ಮುಂದೆ ಗಾಡಿ ಓಟದ ಶರ್ಯತ್ತಿಗೆ ಹೂಡಬೇಕೆಂದು ಆಸೆ. ಹೆಸರು ಬಿಜಲಿ. ಹೆಸರು ನನಗೂ ಇದೆ, ಆದರೆ ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು "ಏ, ಕೇಳೇನ?" ಮಾತ್ರ. ಕುದುರೆ ಬಂದ ದಿನವೇ "ಬಾರವ್ವ ಬಿಜಲಿ, ಬಾ ನನ್ನ ಬಂಗಾರ" ಶುರುವಾಯಿತು.

ಮಸಗುಪ್ಪಿಯಿಂದ ಕುದುರೆ ಪಳಗಿಸುವ ಮುದುಕನೊಬ್ಬನನ್ನು ಕರೆಸಿದರು. ಅವನು ಬಿಜಲಿಯ ಮುಖ ನೋಡಲೇ ಇಲ್ಲ. ದೂರ ಸರಿದು ಹಿಂದೆ ನಿಂತು, ತಲೆ ಓರೆ ಮಾಡಿ, "ಅಣ್ಣಾರ, ಮುಂದ ಛಲೋ ಐತಿ, ಹಿಂದ ಏನೂ ಇಲ್ಲ, ಹಲಗಿ ಆಗೇತಿ. ಜೋರು ಹುಟ್ಟೂದು ಹಿಂಗಾಲಾಗ. ಈಗ ಓಡಸಬ್ಯಾಡ್ರಿ, ಗಾಡಿ ಹೂಡಬ್ಯಾಡ್ರಿ, ಎಳೀ ಎಲುಬು" ಅಂದ. ಏನು ಮಾಡಬೇಕೆಂದೂ ಹೇಳಿದ. ಬೆಳಿಗ್ಗೆ ಕಾಲುವೆಯ ಏರಿ ಹತ್ತಿಸಿ ಇಳಿಸುವುದು, ಆದರೆ ಸಾವಕಾಶ, ನಡಿಗೆಯಲ್ಲೇ. ಬಿದಿರಿನ ಗಳಗಳನ್ನು ಇಟ್ಟಂಗಿ ಮೇಲಿಟ್ಟು ಸಾಲಾಗಿ ಹಾಸಿ, ಕಾಲೆತ್ತಿ ದಾಟಿಸುವುದು. ಆಮೇಲೆ ಹಿಂದಕ್ಕೆ ಹೆಜ್ಜೆ ಹಾಕಿಸುವುದು, ಮೊದಲ ವಾರ ನಾಲ್ಕೇ ನಾಲ್ಕು. ದಣಿದರೆ ಅಲ್ಲಿಗೇ ಬಿಡಬೇಕು, ನಡುನಡುವೆ ಒಂದು ದಿನ ಪೂರ್ತಿ ಸೂಟಿ ಕೊಡಬೇಕು. ನನಗೆ ಈ ಮನೆಯಲ್ಲಿ ಸೂಟಿ ಸಿಕ್ಕಿದ್ದು ಮೂರು ಹೆರಿಗೆಗೆ.

ಮರುದಿನದಿಂದ ನಾನು ನೋಡಬಾರದ್ದನ್ನೆಲ್ಲ ನೋಡಿದೆ. ಗೋಕಾಕದ ಪೇಟೆಗೆ ಹೋದರೆ ನನ್ನನ್ನು ಇಪ್ಪತ್ತು ಹೆಜ್ಜೆ ಹಿಂದೆ ಬಿಟ್ಟು ನಡೆಯುವ ಮನುಷ್ಯ, ಕಾಲುವೆ ಏರಿಯ ಮೇಲೆ ಹೆಜ್ಜೆಗೊಮ್ಮೆ ತಿರುಗಿ ಆ ಕುದುರೆಯ ಹಿಂಗಾಲು ನೋಡುತ್ತಿದ್ದರು. ಸಂಜೆ ಅದರ ತೊಡೆಗೆ ದಾರ ಸುತ್ತಿ, ಎಲ್ಲಿಗೆ ಬಂತೋ ಅಲ್ಲಿ ಗಂಟು ಹಾಕುತ್ತಿದ್ದರು. ಹೋದ ವಾರಕ್ಕಿಂತ ದಾರ ಒಂದು ಬೆರಳು ಹೆಚ್ಚು ಬೇಕಾಯಿತೆಂದು ಒಂದು ದಿನ ಅಡಿಗೆಮನೆಗೇ ಓಡಿ ಬಂದರು. "ಏ, ಕೇಳೇನ? ತೊಡಿ ತುಂಬಾಕತ್ತೇತಿ!"

"ನನ್ನ ಮೊಣಕಾಲ ಹಿಡದೈತ್ರಿ, ಅದನ್ನೂ ಒಂದೀಟ ನೋಡ್ರಿ" ಅಂದೆ.

"ನಿಂದೇನ ಹೊಸಾದ?" ಅಂದು ಹುರುಳಿ ನೆನೆಸಲು ಹೋದರು.

ಮೊಣಕಾಲಿನ ವಿಷಯ ನಾನು ಸುಮ್ಮನೆ ತೆಗೆದದ್ದಲ್ಲ. ಮೂಡಲಗಿಯ ನೆಂಟರ ಮನೆಯ ಗೃಹಪ್ರವೇಶದಲ್ಲಿ ನನ್ನ ಮಾನ ಹೋಗಿತ್ತು. ನಮ್ಮಲ್ಲಿ ಪಂಕ್ತಿ ಕೂತರೆ ಹಿರಿಯರು ಏಳುವ ತನಕ ಉಳಿದವರು ಏಳುವಂತಿಲ್ಲ. ಹಿರಿಯರು ಎದ್ದರೋ, ಅಲ್ಲಿಗೆ ಊಟ ಮುಗಿಯಿತು, ಎಲ್ಲರೂ ಏಳಬೇಕು. ಹೆಂಗಸರ ಪಂಕ್ತಿಗೆ ಅವತ್ತು ನಾನೇ ಹಿರಿಯಳು. ಊಟವಾಯಿತು, ನಾನು ಏಳಲು ಹೋದೆ, ಕಾಲು ಏಳಲಿಲ್ಲ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಸಾಲು ಪೂರ್ತಿ ಕೈ ಒಣಗಿಸಿಕೊಂಡು ನನ್ನ ಬಾಯಿ ನೋಡುತ್ತ ಕೂತಿತ್ತು. ಕೊನೆಗೆ ಇಬ್ಬರು ಬಂದು, ಜೋಳದ ಚೀಲ ಎತ್ತಿದ ಹಾಗೆ ಎತ್ತಿದರು. ಗೋಕಾಕದ ಡಾಕ್ಟರ್ ಪರೀಕ್ಷೆ ಮಾಡಿ, "ಮೊಣಕಾಲ ಕೆಟ್ಟಿಲ್ಲ ಆಯಿ, ತೊಡೀಗೂ ಸೊಂಟಕ್ಕೂ ಬಲ ಇಲ್ಲ. ವ್ಯಾಯಾಮ ಮಾಡ್ರಿ" ಅಂದಿದ್ದರು. ಸೂಜಿ ಇಲ್ಲ, ಗುಳಿಗೆ ಇಲ್ಲ, ಇದೆಂಥ ಡಾಕ್ಟರು ಅಂತ ಬೈದುಕೊಂಡು ಬಂದಿದ್ದೆ. ಅಷ್ಟರಲ್ಲಿ ಹುಕ್ಕೇರಿಯಿಂದ ಸುದ್ದಿ ಬಂತು: ಅಲ್ಲಿಗೆ ಕೊಟ್ಟ ಮೊಮ್ಮಗಳು ಬಸುರಿ, ಏಳನೆಯ ತಿಂಗಳಲ್ಲಿ ಕುಬಸ. ಅಲ್ಲಿಯೂ ಪಂಕ್ತಿ, ಅಲ್ಲಿಯೂ ನಾನೇ ಹಿರಿಯಳು. ಬೀಗರೆದುರು ಇನ್ನೊಮ್ಮೆ ಜೋಳದ ಚೀಲವಾಗುವುದಕ್ಕಿಂತ ಹೋಗದಿರುವುದೇ ಒಳ್ಳೆಯದು ಅನ್ನಿಸಿತು.

ಆಗಲೇ ತಲೆಗೆ ಹೊಳೆದದ್ದು. ಡಾಕ್ಟರ್ ನನಗೆ ಹೇಳಿದ್ದೂ ಮಸಗುಪ್ಪಿಯ ಮುದುಕ ಕುದುರೆಗೆ ಹೇಳಿದ್ದೂ ಒಂದೇ. ಅದಕ್ಕೆ ಮಾಡಿಸುವವರಿದ್ದರು, ನನಗಿರಲಿಲ್ಲ, ಅಷ್ಟೇ ಫರಕು. ಬುದ್ಧಿ ಬಂದು ಶುರು ಮಾಡಿದೆ ಅಂದರೆ ಸುಳ್ಳಾಗುತ್ತದೆ, ಉರಿಯಿಂದಲೇ ಮಾಡಿದೆ. ಇವರು ಬಿಜಲಿಗೆ ನೀರು ಕುಡಿಸಲು ಹೋದ ಮೇಲೆ, ಸೀರೆ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಯ ಹಿಂದೆ ಹೋಗಿ ಬಿಜಲಿಗೆ ಹಾಸಿದ್ದ ಗಳಗಳನ್ನೇ ದಾಟುತ್ತಿದ್ದೆ. ಆಮೇಲೆ ಗೋಡೆ ಹಿಡಿದು ಹಿಂದಕ್ಕೆ ನಾಲ್ಕು ಹೆಜ್ಜೆ. ಒಂದು ದಿನ ಸೊಸೆ ನೋಡಿಬಿಟ್ಟಳು. "ಅತ್ತೀ, ಏನ ಕಳಕೊಂಡ್ರಿ? ನಾನೂ ಹುಡಕಲೇನ್ರಿ?" ಅಂದಳು. "ಮೂಗಬಟ್ಟ" ಅಂದೆ. ಮೂಗುಬಟ್ಟು ಮೂಗಿನಲ್ಲೇ ಇತ್ತು. ಒಳ್ಳೆಯ ಹುಡುಗಿ, ಅದನ್ನೇ ನೋಡುತ್ತ ಹೂಂ ಅಂದಳು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ದಾರದ ಗಂಟನ್ನು ಬಿಚ್ಚಿ ಎರಡು ಬೆರಳು ಆಚೆ ಕಟ್ಟಿದೆ. ಕುದುರೆ ಬಡವಾಗಿದೆ ಅನ್ನಿಸಿದರೆ ಇವರಿಗೆ ಬೇಸರ ಬಂದೀತು, ಒಂದು ನೋಟ ಇತ್ತ ಬಿದ್ದೀತು ಅಂತ ನನ್ನ ಲೆಕ್ಕ. ಅಳೆದು ನೋಡಿದವರೇ ಇವರು ಬೆವತುಹೋದರು. ಮಧ್ಯಾಹ್ನದ ನಿದ್ದೆ ಬಿಟ್ಟು ಕುದುರೆಯ ಬುಡದಲ್ಲೇ ಕೂತರು, ಹುರುಳಿಯ ಜೊತೆ ಕಡಲೆಯೂ ಶುರುವಾಯಿತು. ಕಡಲೆ ನೆನೆಹಾಕುವ ಕೆಲಸ ನನಗೇ ಬಂತು. ಅವತ್ತಿನಿಂದ ಗಂಟಿನ ಉಸಾಬರಿಗೆ ಹೋಗಲಿಲ್ಲ.

ಆದರೆ ಕಾಲು ಬಲಿತವು. ಮೂರನೆಯ ತಿಂಗಳಿಗೆ ನೆಲದ ಮೇಲೆ ಕೂತು ರೊಟ್ಟಿ ಬಡಿದು, ಕೈ ಊರದೆ ಎದ್ದೆ. ಯಾರೂ ನೋಡಲಿಲ್ಲ. ಸಿಟ್ಟಿನಿಂದ ಮತ್ತೆ ಕೂತು ಇನ್ನೊಮ್ಮೆ ಎದ್ದೆ. ಆಗಲೂ ಬೆಕ್ಕೊಂದೇ ನೋಡಿದ್ದು.

ಹುಕ್ಕೇರಿಯ ಕುಬಸಕ್ಕೆ ಹೋದೆವು. ಚಪ್ಪರದಲ್ಲಿ ಹೆಂಗಸರ ಪಂಕ್ತಿ ಈ ಕಡೆ, ಗಂಡಸರದು ಎದುರಿಗೆ. ನನ್ನ ಬಾಜೂ ಬಸುರಿ ಮೊಮ್ಮಗಳು. ಹೋಳಿಗೆ ಬಡಿಸಿದ್ದರು, ತುಪ್ಪದ ತಂಬಿಗೆ ಹಿಂದೆ ಬರುತ್ತಿತ್ತು. ಅಷ್ಟರಲ್ಲಿ ಎದುರು ಸಾಲಿನಲ್ಲಿ ನಮ್ಮ ಮನೆಯವರು ಬೀಗರಿಗೆ ಎರಡೂ ಕೈ ಅಗಲ ಮಾಡಿ ಏನೋ ತೋರಿಸುತ್ತಿದ್ದರು. ಹುಟ್ಟುವ ಕೂಸಿನ ಮಾತಿರಬೇಕು ಅಂದುಕೊಂಡೆ. ಕಿವಿಗೊಟ್ಟರೆ, "ಹಿಂಗಾಲ ನೋಡ್ಬೇಕ್ರಿ ನಮ್ಮ ಬಿಜಲೀದು!" ಅನ್ನುತ್ತಿದ್ದಾರೆ. ನನ್ನ ಮೈಯಲ್ಲಿ ಏನು ಹೊಕ್ಕಿತೋ ಗೊತ್ತಿಲ್ಲ. ಇವತ್ತು ನನ್ನ ಹಿಂಗಾಲನ್ನೂ ನೋಡಲಿ ಅಂತ, ಕಾಲೆರಡನ್ನೂ ಮೈ ಕೆಳಗೆ ತಂದುಕೊಂಡು, ಕೈ ಊರದೆ, ಯಾರನ್ನೂ ಹಿಡಿಯದೆ, ಸಟ್ಟನೆ ಎದ್ದು ನಿಂತೆ.

ಅವರು ನೋಡಿದರು. ಬಾಯಿ ತೆರೆದೇ ನೋಡಿದರು. ನಾನು ಉಬ್ಬಿದೆ.

ಉಬ್ಬಿದ್ದು ಎರಡು ಗಳಿಗೆ. ಪಕ್ಕದಲ್ಲಿ ಸೀರೆಯ ಸದ್ದಾಯಿತು. ನೋಡಿದರೆ, ನನ್ನ ಹಿಂದೆ ಸಾಲಿಗೆ ಸಾಲೇ ಎದ್ದು ನಿಲ್ಲುತ್ತಿದೆ! ಹಿರಿಯಳು ಎದ್ದಾಯಿತಲ್ಲ. ತುಪ್ಪದ ತಂಬಿಗೆ ನಡುದಾರಿಯಲ್ಲಿ ನಿಂತಿತು. ಮೊಮ್ಮಗಳು ಒಂದು ಕೈ ಹೊಟ್ಟೆಯ ಮೇಲಿಟ್ಟು ಹೋಳಿಗೆ ನೋಡುತ್ತ ಏಳುತ್ತಿದ್ದಳು. "ಆಯೀ, ಅನ್ನ ಇನ್ನಾ ಬಂದಿಲ್ಲಬೇ..." ಅಂದಳು. ಬೀಗತಿ ಓಡಿ ಬಂದು, "ಯಾಕ್ರೀ ಅಕ್ಕಾರ, ನಮ್ಮ ಅಡಗಿ ಸೇರಲಿಲ್ಲೇನ್ರಿ?" ಅಂದಳು. ಕುಳಿತುಕೊಳ್ಳಿ, ಕುಳಿತುಕೊಳ್ಳಿ ಅಂತ ನಾನು ಕೈಮುಗಿದೆ. ಎದ್ದ ಎಲೆಗೆ ಮತ್ತೆ ಕೂಡುವ ಪದ್ಧತಿ ಎಲ್ಲಿದೆ? ಎಲ್ಲ ಎಲೆ ತೆಗೆದು ಹೊಸ ಎಲೆ ಹಾಕಿ ಮೊದಲಿನಿಂದ ಬಡಿಸಿದರು. ಆ ಹೊತ್ತು ಪೂರ್ತಿ ನಾನು ನನ್ನ ಗಟ್ಟಿ ಕಾಲುಗಳ ಮೇಲೆ ನಿಂತಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ನನ್ನ ಬಾಜೂ ಬಂದು ಕೂತರು. ಆಮೇಲೆ, "ಎದ್ದದ್ದು ಛಲೋ ಎದ್ದಿ" ಅಂದರು. "ಆದ್ರ ಬಿಜಲಿಗೆ ನಾ ಎಲ್ಲಾಕ್ಕಿಂತ ಮೊದಲ ಕಲಿಸಿದ್ದು ನಿಲ್ಲೂದು. ಹೂಂ ಅನ್ನೂತನಾ ಒಂದ ಹೆಜ್ಜಿ ಕಿತ್ತಿಡಂಗಿಲ್ಲ ಆಕಿ. ನೀ ಹಿಂದ ನಿಂತು ಬರೇ ಕಾಲ ನೋಡಿದಿ."

"ನಿಮಗ ಗೊತ್ತಿತ್ತೇನ್ರಿ?"

"ಗಳದ ನಡುವ ಚಪ್ಪಲಿ ಗುರ್ತು ಬಿದ್ದಿದ್ವು. ಕುದುರಿ ಚಪ್ಪಲಿ ಹಾಕೋತೈತೇನ?"

ಈಗ ಬೆಳಿಗ್ಗೆ ಇಬ್ಬರನ್ನೂ ಒಟ್ಟಿಗೇ ಕರೆದೊಯ್ಯುತ್ತಾರೆ. ಗಳಗಳ ಮುಂದೆ ನಾನೂ ಬಿಜಲಿಯೂ ಸಾಲಾಗಿ ನಿಲ್ಲುತ್ತೇವೆ. ಹೂಂ ಅನ್ನುವ ಮೊದಲೇ ಕಾಲೆತ್ತುವವಳು ಇನ್ನೂ ನಾನೇ. "ತಡೀಯ, ಬಿದ್ದಗಿದ್ದಿ" ಅಂತ ಅವರು ಬಂದು ನನ್ನ ರಟ್ಟೆ ಹಿಡಿಯುತ್ತಾರೆ. ಆಗ ಬಿಜಲಿ ಎರಡೂ ಕಿವಿ ಹಿಂದಕ್ಕೆ ಮಾಡಿ, ಹಲ್ಲು ಕಡಿದು, ನನ್ನ ಕಡೆ ಒಂದು ನೋಟ ಬಿಡುತ್ತಾಳೆ. ಅದು ಯಾವ ನೋಟವೆಂದು ನನಗೆ ಮಸಗುಪ್ಪಿಯ ಮುದುಕ ಬಂದು ಹೇಳಬೇಕಾಗಿಲ್ಲ.