ನಮ್ಮ ಬಚ್ಚಲಮನೆಯ ಕಾಪರ್ ರೆಸೋನೇಟರ್

ಢಣ್ ಅಂತ ಶುರುವಾಗಿ ಗುಂಯ್ ಅಂತ ಮುಗಿಯುವ, ಮುಗಿದ ಮೇಲೂ ಒಂದು ಗಳಿಗೆ ಮನೆಯಲ್ಲೇ ಎಲ್ಲೋ ಕೂತಿರುವ ಸದ್ದೊಂದಿತ್ತು. ದೇವನಹಳ್ಳಿ ಕೋಟೆಯೊಳಗಿನ ನಮ್ಮ ಮನೆಯ ಬಚ್ಚಲಲ್ಲಿ, ತಾಮ್ರದ ಹಂಡೆಗೆ ಚೊಂಬು ತಗುಲಿದಾಗ ಬರುತ್ತಿದ್ದ ಸದ್ದು. ಮದುವೆಯಾಗಿ ಬಂದ ಮೊದಲ ಬೆಳಗ್ಗೆ ಅದನ್ನು ಕೇಳಿ ಚಾಪೆಲ್ ಬೆಲ್ ಅಂದುಕೊಂಡು, ಹಾಸಿಗೆಯಲ್ಲೇ ಎದ್ದು ಕೂತು ಕೈ ಜೋಡಿಸಿಬಿಟ್ಟಿದ್ದೆ. ಹನ್ನೊಂದು ವರ್ಷದ ಕಾನ್ವೆಂಟು ಸುಮ್ಮನೆ ಬಿಡುತ್ತದೆಯೇ? ಅಲ್ಲಿ ಕಲಿತದ್ದರಲ್ಲಿ ಈಗ ನೆನಪಿರುವುದು ಎರಡೇ. ಫೋರ್ಕಿನಲ್ಲಿ ಬಟಾಣಿ ತಿನ್ನುವುದು, ಮತ್ತೆ ನಮ್ಮ ಸಿಸ್ಟರ್ ಹೇಳುತ್ತಿದ್ದ ಮಾತು: "ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದರೂ ಅದು ಸುಳ್ಳೇ, ಗರ್ಲ್ಸ್." ಬಟಾಣಿಗೆ ದೇವನಹಳ್ಳಿಯಲ್ಲಿ ಅವಕಾಶವೇ ಸಿಗಲಿಲ್ಲ. ಸುಳ್ಳಿಗೆ ಸಿಕ್ಕಿತು. ನಾನೂ ಬಿಡಲಿಲ್ಲ.

ಆಗ ಎಪ್ಪತ್ತರ ದಶಕ. ನನ್ನ ನಾದಿನಿ ಸರಸು ಹಾಡುತ್ತಿದ್ದಳು. ಚೆನ್ನಾಗಿಯೇ ಹಾಡುತ್ತಿದ್ದಳು, ಆದರೆ ದನಿ ತೆಳು. ರೇಷ್ಮೆ ಎಳೆಯ ಥರ, ಹತ್ತಿರ ಹೋದರೆ ಮಾತ್ರ ಕಾಣುವುದು. ಎರಡು ಸಲ ರೇಡಿಯೋ ಆಡಿಷನ್ನಿಗೆ ಹೋಗಿ "ವಾಯ್ಸ್ ಸಾಲದು" ಅನ್ನಿಸಿಕೊಂಡು ಬಂದಿದ್ದಳು. ಇತ್ತ ಹೊಸಕೋಟೆಯಿಂದ ಒಂದು ಗಂಡು ಬಂದಿತ್ತು. ಹುಡುಗ ಒಳ್ಳೆಯವನೇ, ಉಪ್ಪಿಟ್ಟನ್ನೂ ಎರಡು ಸಲ ಹಾಕಿಸಿಕೊಂಡ, ಆದರೆ ಕೈ ತೊಳೆಯುವಾಗ ಹೇಳಿದ್ದ, "ಮದ್ವೆ ಆದ್ಮೇಲೆ ಈ ಹಾಡು ಗೀಡು ಎಲ್ಲಾ ಬೇಡ." ನಮ್ಮ ಯಜಮಾನರು ತಂಗಿಗೆ ಒಂದು ಗಡುವು ಕೊಟ್ಟರು: "ಇನ್ನೊಂದೇ ಒಂದು ಸಲ ನೋಡು. ಆಗ್ಲಿಲ್ಲ ಅಂದ್ರೆ ಹೊಸಕೋಟೆಗೆ ಹೂಂ ಅಂತೀವಿ." ಸರಸು ಆ ದಿನದಿಂದ ಅಡುಗೆಮನೆಯಲ್ಲಿ ಗುನುಗುವುದನ್ನೂ ನಿಲ್ಲಿಸಿದಳು. ನನಗೆ ಅದೇ ತಡೆಯಲಾಗಲಿಲ್ಲ.

ಈ ಸಲ ಹಾಡನ್ನು ಟೇಪು ಮಾಡಿ ಕಳಿಸೋಣ ಅಂತ ನಾನು ಕಾಡಿದ್ದಕ್ಕೆ ಯಜಮಾನರು ಆಫೀಸಿನ ಸ್ನೇಹಿತರಿಂದ ಸ್ಪೂಲ್ ಟೇಪ್ ರೆಕಾರ್ಡರ್ ಎರವಲು ತಂದರು. ಮುಂದಿನ ಕೋಣೆಯಲ್ಲಿ ಹಾಡಿಸೋಣ ಅಂದರೆ ಎದುರಿಗೇ ಹಿಟ್ಟಿನ ಗಿರಣಿ. ಟೇಪು ಕೇಳಿದರೆ ಗಿರಣಿಯೇ ಹಾಡುತ್ತಿತ್ತು, ಸರಸು ಅದಕ್ಕೆ ತಾಳ ಹಾಕಿದ ಹಾಗಿತ್ತು. ಗಿರಣಿ ಸದ್ದು ಬಾರದ ಜಾಗ ಅಂತ ಮನೆಯಲ್ಲಿ ಇದ್ದದ್ದು ಹಿತ್ತಿಲ ಕಡೆಯ ಬಚ್ಚಲು ಒಂದೇ. ಹಂಡೆಯ ಬಾಯಿಗೆ ಅರ್ಧ ಅಡ್ಡಲಾಗಿ ಮಣೆ ಇಟ್ಟು, ಅದರ ಮೇಲೆ ಮೈಕ್ ಇಟ್ಟು, ಸರಸುವನ್ನು ಎದುರಿಗೆ ಕೂರಿಸಿದೆ. ಆಮೇಲೆ ಟೇಪು ತಿರುಗಿಸಿ ಕೇಳಿದಾಗ ನಮಗೆ ಮೊದಲನೇ ಷಾಕು. ಒಂದೊಂದು ಸಾಲು ಮುಗಿದಾಗಲೂ ಆ ದನಿಯ ಹಿಂದೆ ಇನ್ನೊಂದು ದನಿ, ತುಂಬಿದ ದನಿ, ಪಕ್ಕದ ಕೋಣೆಯಲ್ಲಿ ಯಾರೋ ಅವಳನ್ನು ಮೆಲ್ಲಗೆ ಒಪ್ಪಿಕೊಂಡ ಹಾಗೆ. ಸರಸು ನನ್ನ ಮೊಣಕೈ ಹಿಡಿದು, "ಅತ್ತಿಗೆ, ಇದು ನಾನೇನಾ?" ಅಂದಳು.

ಟೇಪನ್ನು ಬೆಂಗಳೂರಿನ ಒಂದು ಸ್ಟುಡಿಯೋಗೆ ಕಳಿಸಿದೆವು. ಅಲ್ಲಿನ ಸೌಂಡ್ ಎಂಜಿನಿಯರ್ ಆಲ್ಬರ್ಟ್ ಅನ್ನುವವರು ಇಂಗ್ಲಿಷಿನಲ್ಲಿ ಕಾಗದ ಬರೆದರು: ದನಿ ಅದ್ಭುತ, ನೀವು ಬಳಸಿದ ಎಕ್ವಿಪ್‌ಮೆಂಟ್ ಯಾವುದು? ಬಚ್ಚಲ ಹಂಡೆ ಅಂತ ಬರೆಯಲು ಪೆನ್ನು ಎತ್ತಿದೆ. ಆದರೆ ಇಂಗ್ಲಿಷಿನಲ್ಲಿ ಬಚ್ಚಲ ಹಂಡೆಗೆ ಮರ್ಯಾದೆಯಾದ ಪದವೇ ಇಲ್ಲವಲ್ಲ! ಕಾನ್ವೆಂಟಿನ ಹ್ಯಾಂಡ್‌ರೈಟಿಂಗಿನಲ್ಲಿ ಹೀಗೆ ಬರೆದುಬಿಟ್ಟೆ: "ನಮ್ಮಲ್ಲಿ ಒಂದು ಸ್ಪೆಷಲ್ ಕಾಪರ್ ರೆಸೋನೇಟರ್ ಇದೆ. ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ." ಅಂದರೆ ದನಿಗೆ ಮರುದನಿ ಕೊಡುವ ತಾಮ್ರದ ಯಂತ್ರ. ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡು ಅಂಚೆಗೆ ಹಾಕಿದೆ. ವಾರದಲ್ಲಿ ಉತ್ತರ: ರೆಸೋನೇಟರ್ ನೋಡಲು ಗುರುವಾರ ಬರುತ್ತೇನೆ, ಅಲ್ಲೇ ರೆಕಾರ್ಡ್ ಮಾಡೋಣ.

ನನಗೆ ಜ್ವರ ಬಂದ ಹಾಗಾಯಿತು. ಬರುವವರು ಬಂದೇ ಬರುತ್ತಾರೆ, ಕೊನೇಪಕ್ಷ ರೆಸೋನೇಟರ್ ನೀಟಾಗಿರಲಿ ಅಂತ ಗುರುವಾರ ಬೆಳಗ್ಗೆ, ಅತ್ತೆಯವರು ದೇವಸ್ಥಾನಕ್ಕೆ ಹೋದದ್ದೇ ತಡ, ಹಂಡೆಯಲ್ಲಿದ್ದ ನೀರನ್ನೆಲ್ಲ ಮೊಗೆದು ಚೆಲ್ಲಿ, ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕಿದೆ. ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುವಷ್ಟು ಫಳಫಳ.

ಆಲ್ಬರ್ಟ್ ಬಂದರು. ಕಾರಿನಿಂದ ಇಳಿದ ಸಾಮಾನು ನೋಡಿ ಬೀದಿಯವರು ಆಸ್ಪತ್ರೆಯವರು ಬಂದರು ಅಂದುಕೊಂಡರು. ಒಳಗೇ ಟೇಪು ಸುತ್ತುತ್ತ ಮರುದನಿ ಕೊಡುವ ಎಕೋ ಮೆಷಿನ್ನು, ಯಾವ ಸದ್ದನ್ನಾದರೂ ಕರೆಂಟಿನಿಂದಲೇ ಹುಟ್ಟಿಸುವ, ಫಾರಿನ್ನಿಂದ ತರಿಸಿದ ಸಿಂಥಸೈಜರ್, ಅದರ ಮೈ ತುಂಬ ಗುಂಡಿ, ತಿರುಪು, ವೈರು. "ಎಲ್ಲಿದೆ ಮೇಡಂ ನಿಮ್ಮ ಯುನಿಟ್ಟು?" ಅಂದರು. ಅಂಗಳ ದಾಟಿಸಿ, ಷೂ ಬಿಚ್ಚಿಸಿ, ಬಚ್ಚಲಿಗೆ ಕರೆದುಕೊಂಡು ಹೋದೆ. ಆಲ್ಬರ್ಟ್ ಹಂಡೆಯನ್ನು ನೋಡಿದರು. ನನ್ನನ್ನು ನೋಡಿದರು. "ಇದು ಹಂಡೆ ಅಲ್ವಾಮ್ಮಾ?" ಅಂದರು. ಮೇಡಂ ಹೋಗಿ ಅಮ್ಮ ಆಗಿದ್ದೆ.

ಆದರೂ ಒಳ್ಳೆಯ ಮನುಷ್ಯ. "ಆಗ್ಲಿ, ಹಾಡಮ್ಮ" ಅಂದರು. ಸರಸು ಹಾಡಿದಳು. ಹೆಡ್‌ಫೋನು ಹಾಕಿಕೊಂಡಿದ್ದ ಅವರ ಮುಖ ಸಪ್ಪಗಾಯಿತು. ದನಿ ಅದೇ ಹಳೇ ತೆಳು ದನಿ, ಹಿಂದೆ ಬರೀ ಖಣಖಣ, ತಗಡು ಬಡಿದ ಹಾಗೆ. "ಟೇಪಿನಲ್ಲಿ ಇದ್ದದ್ದು ಇದಲ್ಲಮ್ಮ." ತಮ್ಮ ಸಿಂಥಸೈಜರ್ ಜೋಡಿಸಿ ಆ ಸದ್ದನ್ನು ಹುಡುಕಲು ಕೂತರು. ಒಂದು ಗಂಟೆ ತಿರುಪು ತಿರುಗಿಸಿದರು. ಸೊಳ್ಳೆ ಬಂತು, ಪೊಲೀಸ್ ವಿಷಲ್ ಬಂತು, ಹಿತ್ತಿಲಲ್ಲಿದ್ದ ಎಮ್ಮೆ ತಿರುಗಿ ಉತ್ತರ ಕೊಡುವಂಥದ್ದು ಒಂದು ಬಂತು. ನಮ್ಮದು ಬರಲಿಲ್ಲ. ಆಲ್ಬರ್ಟ್ ವೈರು ಸುತ್ತತೊಡಗಿದರು. ಸರಸು ಗೋಡೆ ಕಡೆ ತಿರುಗಿ ನಿಂತು, "ಅಣ್ಣಂಗೆ ಹೇಳ್ಬಿಡಿ ಅತ್ತಿಗೆ, ಹೊಸಕೋಟೆಗೆ ಹೂಂ ಅಂತ" ಅಂದಳು. ನನ್ನ ಕೈಯಿಂದ ಇನ್ನೂ ಹುಣಸೆಹಣ್ಣಿನ ವಾಸನೆ ಬರುತ್ತಿತ್ತು.

ಆಗ ಅತ್ತೆಯವರು ಬಂದರು. ಪರಪುರುಷ ಬಚ್ಚಲಲ್ಲಿ ಕೂತಿರುವುದು ಅವರ ಕಣ್ಣಿಗೆ ಬೀಳಲೇ ಇಲ್ಲ. ಬಗ್ಗಿ ಹಂಡೆ ನೋಡಿದವರು ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ! ಯಾರೇ ಹಂಡೆ ಬರಿದು ಮಾಡ್ದೋರು? ನಾನು ಈ ಮನೆಗೆ ಬಂದಾಗ್ನಿಂದ ಒಂದು ದಿನ ಬರಿದಾಗಿಲ್ಲ! ಹಂಡೆ ಬರಿದಾದ್ರೆ ಮನೆ ಬರಿದಾದ ಹಾಗೆ ಕಣೇ! ಇಂಗ್ಲಿಷ್ ಓದಿದ್ದಕ್ಕೆ ಇಷ್ಟೂ ಗೊತ್ತಾಗಲ್ವೇನೇ ನಿಂಗೆ?" ಆಲ್ಬರ್ಟ್ ಕಡೆ ತಿರುಗಿ, "ಸ್ವಲ್ಪ ಸರಿಯಪ್ಪಾ" ಅಂದು, ಬಾವಿಯಿಂದ ಸೇದಿ ತಂದು ಒಂದು ಕೊಡ ಸುರಿದರು, ಇನ್ನೊಂದು ಕೊಡ ಸುರಿದರು. ದಿನಾ ಎಲ್ಲರ ಸ್ನಾನ ಮುಗಿದ ಮೇಲೆ ಅವರು ಸುರಿಯುತ್ತಿದ್ದದ್ದು ಅಷ್ಟೇ, ಸರಿಯಾಗಿ ಎರಡು ಕೊಡ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಏನೇ ಸರಸು ಅಳ್ತಿದೀಯ? ಹಾಡು, ಸರಿಹೋಗುತ್ತೆ" ಅಂದರು.

ಸರಸು ಅಳುತ್ತಲೇ ಒಂದು ಸಾಲು ಎಳೆದಳು. ಗುಂಯ್.

"ಯಾರೂ ಅಲುಗಾಡ್ಬೇಡಿ!" ಆಲ್ಬರ್ಟ್ ಕೈ ಎತ್ತಿದರು, ಕಣ್ಣು ಮುಚ್ಚಿದರು. ಆಮೇಲೆ ವಿವರಿಸಿದರು: ಹಂಡೆಯಲ್ಲಿ ನೀರಿನ ಮೇಲೆ ಉಳಿಯುವ ಖಾಲಿ ಜಾಗ ಎಷ್ಟೋ, ಅದರಂತೆ ಹಂಡೆಯ ಶ್ರುತಿ. ಎರಡು ಕೊಡ ಇದ್ದರೆ ಅದು ಸರಸುವಿನ ಶ್ರುತಿ. ಸರಸು ಕಡೆ ತಿರುಗಿ ಹೇಳಿದರು: "ನಿಮ್ಮ ತಾಯಿ ಇಷ್ಟು ವರ್ಷದಿಂದ ದಿನಾ ಟ್ಯೂನ್ ಮಾಡ್ತಿದಾರೆ!" ಅತ್ತೆಯವರು, "ಶ್ರುತಿ ಗಿತಿ ನಂಗೊತ್ತಿಲ್ಲಪ್ಪಾ, ಹಂಡೆ ಬರಿದಾಗ್ಬಾರ್ದು ಅಷ್ಟೆ. ಊಟ ಮಾಡ್ಕೊಂಡು ಹೋಗು" ಅಂದರು. ನೀರಿನ ಜಾರ್ ಮತ್ತು ಟ್ಯೂನಿಂಗ್ ಫೋರ್ಕ್ ಇಟ್ಟು ಇದೇ ಪ್ರಯೋಗ ಮಾಡಿ ಶಾಲೆಯಲ್ಲಿ ಫಸ್ಟ್ ಪ್ರೈಜ್ ತೆಗೆದುಕೊಂಡವಳು ನಾನು. ಆ ಸಂಗತಿಯನ್ನು ಅಂದು ಯಾರಿಗೂ ಹೇಳಲಿಲ್ಲ. ಇವತ್ತು ನಿಮಗೆ ಹೇಳುತ್ತಿದ್ದೇನೆ.

ಹೊಸಕೋಟೆಗೆ ಇಲ್ಲ ಅಂದೆವು. ನಮ್ಮ ಬಚ್ಚಲಿನಿಂದ ಆರು ರೆಕಾರ್ಡು ಹೊರಬಂದವು. ಮಧ್ಯೆ ಮಧ್ಯೆ ನಾವು ಸ್ನಾನವನ್ನೂ ಮಾಡುತ್ತಿದ್ದೆವು. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ "ಕಾಪರ್ ರೆಸೋನೇಟರ್, ದೇವನಹಳ್ಳಿ" ಅಂತ ಇರುತ್ತಿತ್ತು. ಬೊಂಬಾಯಿಯ ಯಾರೋ ಅದು ಯಾವ ದೇಶದ ಮೇಕು ಅಂತ ಕೇಳಿ ಬರೆದಿದ್ದರಂತೆ. ಸರಸು ಬೆಂಗಳೂರು ಸೇರಿದಳು, ಆದರೆ ಹಾಡು ಅಂದರೆ ಬಸ್ಸು ಹತ್ತಿ ಇಲ್ಲಿಗೇ ಬರುತ್ತಿದ್ದಳು.

ಅವಳನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷದ ಮೇಲೆ. ಅತ್ತೆಯವರು ತೀರಿಹೋಗಿದ್ದರು. ಸರಸು ಹಾಡುವುದನ್ನು ಬಿಟ್ಟಿದ್ದಳು, ಗಂಟಲು ಒಡೆದಿತ್ತು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, "ಈಗಿನ ಸಿಂಥಸೈಜರಲ್ಲಿ ಏನು ಬೇಕೋ ಆ ಸದ್ದಿಗೆ ಒಂದೊಂದು ಗುಂಡಿ ಅತ್ತಿಗೆ. ಎಲ್ಲಾ ಒತ್ತಿ ನೋಡ್ದೆ. ನಮ್ದು ಇಲ್ಲ" ಅಂದಳು. ಬಚ್ಚಲು ನೋಡಿಕೊಂಡು ಬರುತ್ತೇನೆ ಅಂತ ಎದ್ದಳು. ಮಂಡಿ ನೋವು, ಹಿತ್ತಿಲ ಮೆಟ್ಟಿಲು ಇಳಿಯಲಾಗಲಿಲ್ಲ. ನಾನು ದೇವರಿಗೆ ಥ್ಯಾಂಕ್ಸ್ ಹೇಳಿದೆ. ಯಾಕೆಂದರೆ ಹಂಡೆಯನ್ನು ಅದಕ್ಕೂ ಎರಡು ವರ್ಷ ಮೊದಲೇ ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಡಬ್ಬಗಳನ್ನು ತೆಗೆದುಕೊಂಡಿದ್ದೆ. ಅವಳಿಗೆ ಕೊಟ್ಟ ಚಕ್ಕುಲಿ ಅದೇ ಡಬ್ಬದ್ದು.

ಕಾರಿನಲ್ಲಿ ಕೂತು ಕಿಟಕಿ ಇಳಿಸಿ ಕೇಳಿದಳು, "ಅತ್ತಿಗೆ, ಹಂಡೇಲಿ ಎರಡು ಕೊಡ ಇದೆ ತಾನೆ?"

"ಇದೆ ಕಣೇ" ಅಂದೆ. ಈ ಸಲ ಕನ್ನಡದಲ್ಲಿ.

ನಕ್ಕು ಕೈ ಬೀಸಿದಳು. ಕಾರು ಕೋಟೆ ಬಾಗಿಲು ದಾಟುವ ತನಕ ಆ ಕೈ ಕಾಣುತ್ತಿತ್ತು. ಒಳಗೆ ಬಂದು, ಗೀಸರಿನ ಕೆಂಪು ದೀಪದ ಕೆಳಗೆ ನಿಂತು, ಇದ್ದ ಎರಡು ಬಕೆಟ್ಟಿಗೂ ನೀರು ತುಂಬಿಟ್ಟೆ. ಚೊಂಬು ತಗುಲಿಸಿ ನೋಡಿದೆ. ಪ್ಲಾಸ್ಟಿಕ್ಕು. ಏನೂ ಅನ್ನಲಿಲ್ಲ.